ತಂಗಿಯ ಕರಡಿಗೆ

ಲಿಂಗವನ್ನು ಕೊರಳಿಗೆ ಕಟ್ಟುವ ಹೊಸ ಶಿವದಾರದ ನೂಲಿನ ವಾಸನೆ ಬಂದರೆ ಈಗಲೂ ನಾನು ಕೊರಳು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾಗನೂರಿನ ಮನೆಯ ಪಡಸಾಲೆಯಲ್ಲಿ ಕಾಕಾ ನಮ್ಮಿಬ್ಬರು ಅಕ್ಕತಂಗಿಯರಿಗೆ ಒಂದು ಇಂಗ್ಲಿಷ್ ಕಡಲಪದ್ಯದ ಕಥೆ ಹೇಳುತ್ತಿದ್ದರು. ಚಲೋ ಉತ್ತರ ಕೊಟ್ಟವಳನ್ನು ಗೋಕಾಕದ ಶಾಲೆಗೆ ಹಾಕುತ್ತೇನೆ ಎಂದಿದ್ದರು. ನಾವಿಕನೊಬ್ಬ ಸುಮ್ಮಸುಮ್ಮನೆ ಒಂದು ಹಕ್ಕಿಯನ್ನು ಕೊಂದ. ಜೊತೆಯವರು ಅವನ ಕೊರಳಲ್ಲಿ ಶಿಲುಬೆಯ ಬದಲು ಆ ಸತ್ತ ಹಕ್ಕಿಯನ್ನೇ ಕಟ್ಟಿದರು.

"ಯಾಕ ಹೇಳ್ರಿ?" ಎಂದರು ಕಾಕಾ.

"ಅದು ನಾರಂಗಿಲ್ಲೇನ್ರಿ?" ಎಂದೆ ನಾನು. ಆಗಲೂ ನನಗೆ ಅಂಥವೇ ಚಿಂತೆ.

ತಂಗಿ ಗೌರಿ ತನ್ನ ಲಿಂಗದ ಕರಡಿಗೆ ಮುಟ್ಟಿಕೊಂಡು, "ಜೀವ ತಗದಾವನ ಕೊರಳಾಗ ದೇವ್ರು ಹೆಂಗ ಇರ್ತಾನ್ರಿ? ಮಾಡಿದ್ದನ್ನ ಹೊರಬೇಕಲ್ರಿ" ಎಂದಳು.

"ಇಕಿ ಗೋಕಾಕಕ್ಕ ಹೋಗ್ಲಿ" ಎಂದರು ಕಾಕಾ. ನನಗಿಂತ ಎರಡು ವರ್ಷ ಚಿಕ್ಕವಳು. ನನ್ನ ಹೊಟ್ಟೆ ಉರಿದುಹೋಯಿತು.

ಸ್ವಲ್ಪ ಹೊತ್ತಿಗೆ ಅವಳು ಕರಡಿಗೆಗೆ ಹೊಸ ಶಿವದಾರ ಪೋಣಿಸಿ, ಗೋಡೆಯ ಮಾಡದಲ್ಲಿಟ್ಟು ಮುಖ ತೊಳೆಯಲು ಹೋದಳು. ನಾನು ಅದನ್ನು ಕದ್ದೆ. ಕದಿಯಲು ಹೆದರಲಿಲ್ಲ, ನೆಲಕ್ಕಿಟ್ಟರೆ ಪಾಪ ಬಂದೀತೆಂದು ಹೆದರಿ, ಕುಪ್ಪಸದೊಳಗೆ ನನ್ನದರ ಜೊತೆಗೇ ಹಾಕಿಕೊಂಡೆ.

ಮನೆಯವರೆಲ್ಲ ಹುಡುಕಿದರು, ನಾನೂ ಹುಡುಕಿದಂತೆ ಮಾಡಿದೆ. "ಲಿಂಗ ಸಿಗೂತನಕ ಆಕಿ ಉಣ್ಣಂಗಿಲ್ಲ" ಎಂದಳು ಅಜ್ಜಿ, ಊಟಕ್ಕೆ ಕೂತಾಗ.

ಗೌರಿ ತನ್ನ ತಾಟನ್ನು ನನ್ನ ಕಡೆ ಸರಿಸಿದಳು. "ನೀ ಉಣ್ಣು ಅಕ್ಕಾ. ನನ್ನ ಸಲುವಾಗಿ ಹುಡುಕಿ ಹುಡುಕಿ ದಣದೀದಿ."

ರೊಟ್ಟಿ ಇನ್ನೂ ಬಿಸಿಯಿತ್ತು. ನಾನು ಉಂಡೆ.