ಮೊದಲ ಬಟ್ಟಲು

ಬಾಸ್ಟನ್ ಇನ್ನೂ ಇಂಗ್ಲೆಂಡಿನ ದೊರೆಯ ಕೈಕೆಳಗಿದ್ದ ಕಾಲ. ಕೆಂಡದ ಮೇಲೆ ಕಾಯಿಸಿದ ಕಲ್ಲಿನಲ್ಲಿ ಗುಲಾಮ ಹೆಂಗಸೊಬ್ಬಳು ಹುರಿದ ಕೋಕೋ ಬೀಜ ಅರೆಯುತ್ತಿದ್ದಳು. ಅವಳ ಮಗಳು ಜೂಬಾಳನ್ನು ಕೊಂಡೊಯ್ಯಲು ಬಂದ ಹಡಗಿನ ಕಪ್ತಾನ ಒಳಗೆ ಯಜಮಾನನ ಜೊತೆ ಕೂತಿದ್ದ. ಅವಳು ತಲೆಯೆತ್ತದೆ ಅರೆದಳು.

ಚಾಕೊಲೇಟ್ ಕುದಿಸಿ ಹೂಜಿಯಲ್ಲಿ ತಂದಿಟ್ಟಳು.

"ಮೊದಲು ನೀನು ಕುಡಿಯೇ," ಎಂದ ಯಜಮಾನ, ಕಪ್ತಾನನತ್ತ ತಿರುಗಿ ನಕ್ಕ. "ಈ ಕಹೀಲಿ ಏನು ಬೆರೆಸಿದ್ರೂ ಗೊತ್ತಾಗಲ್ಲ ನೋಡಿ. ಅದಕ್ಕೇ ನಮ್ಮನೇಲಿ ಮೊದಲ ಬಟ್ಟಲು ಇವಳದ್ದೇ."

ಅವಳು ಬಟ್ಟಲು ಬರಿದು ಮಾಡಿದಳು. ಇಬ್ಬರೂ ಅವಳ ಮುಖವನ್ನೇ ನೋಡುತ್ತ ಕಾದರು. ಏನೂ ಆಗಲಿಲ್ಲ.

"ಪಾಪ, ಮುಖ ಕಿವುಚ್ತಾಳೆ. ಚೂರು ಸಕ್ಕರೆ ಕೊಡಿ," ಎಂದ ಕಪ್ತಾನ.

"ಗುಲಾಮರಿಗೆ ಸಕ್ಕರೆ! ಚೆನ್ನಾಗಿ ಹೇಳಿದ್ರಿ!"

"ನಂಗೆ ಕಹೀನೇ ರೂಢಿ, ಧಣಿ," ಎಂದಳು.

"ಜೂಬಾ ಎಲ್ಲಿ?" ಎಂದ ಯಜಮಾನ.

"ಗಂಟು ಕಟ್ತಿದಾಳೆ, ಧಣಿ."

ಯಜಮಾನ ಎರಡೂ ಬಟ್ಟಲಿಗೆ ಧಾರಾಳವಾಗಿ ಸಕ್ಕರೆ ಸುರಿದ.

ದಿನವೂ ಸಕ್ಕರೆ ಗಟ್ಟಿ ಕುಟ್ಟಿ ಪುಡಿ ಮಾಡಿದ ಮೇಲೆ ಕದ್ದು ಬೆರಳು ನೆಕ್ಕುತ್ತಿದ್ದವಳು, ಈ ಬೆಳಿಗ್ಗೆ ಸಾಬೂನು ಹಚ್ಚಿ ಮತ್ತೆ ಮತ್ತೆ ಕೈ ತೊಳೆದುಕೊಂಡಿದ್ದಳು.