ಹತ್ತರಲ್ಲಿ ಸೊನ್ನೆ

"ನಾಯಿ ನೆನಪಾದ್ರೆ ಈಗ ಹತ್ತರಲ್ಲಿ ಎಷ್ಟು ಹೆದರಿಕೆ?" ಹೆದರಿಕೆ ಬಿಡಿಸುವ ಚಿಕಿತ್ಸೆಗೆಂದು ಅವನ ಕಣ್ಣೆದುರು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದ ಬೆರಳನ್ನು ನಿಲ್ಲಿಸಿ ಡಾಕ್ಟರಮ್ಮ ಕೇಳಿದರು. ಅಕ್ಕನ ಪಕ್ಕ ಕೂತು ಬೆರಳಿನ ಹಿಂದೆಯೇ ಕಣ್ಣು ಹೊರಳಿಸುತ್ತಿದ್ದ ತಮ್ಮ, "ಸೊನ್ನೆ" ಎಂದ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆಟಿಸಂ ಇರುವ ಈ ಮೂವತ್ತರ ತಮ್ಮ ನಾಯಿಗೆ ಹೆದರಿ ಬೀದಿಯಲ್ಲಿ ನಡೆಯದೆ ಆರು ವರ್ಷವಾಗಿತ್ತು; ಇಲ್ಲಿಗೂ ಬಾಗಿಲಿಂದ ಬಾಗಿಲಿಗೆ ಆಟೊದಲ್ಲೇ ಬರುತ್ತಿದ್ದ. ಪ್ರತಿ ವಾರ ಅಂಕ ಇಳಿದಾಗಲೆಲ್ಲ ತಟ್ಟಿದಂತೆ ಇವತ್ತೂ ಜೋರಾಗಿ ಚಪ್ಪಾಳೆ ತಟ್ಟಿದಳು. ಅವನ ಮುಖ ಅರಳಿತು.

ಹೊರಗೆ ಬಂದು ಇನ್ನೂ ಮೆಟ್ಟಿಲಿಳಿದಿರಲಿಲ್ಲ, ಗೇಟಿನಾಚೆ ನಾಯಿಯೊಂದು ಬೊಗಳಿತು. ತಮ್ಮ ಗೋಡೆಗೆ ಅಂಟಿಕೊಂಡು, ಉಗುರು ಇಳಿಯುವಂತೆ ಅವಳ ಎರಡೂ ಕೈ ಹಿಡಿದುಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು, ಪ್ಯಾಂಟು ಒದ್ದೆಯಾಗುತ್ತಿತ್ತು.

"ಸೊನ್ನೆ ಅಕ್ಕಾ, ಸೊನ್ನೆ," ಎಂದ. "ಚಪ್ಪಾಳೆ ಹೊಡಿ."