ಗ್ಯಾಲರಿಯ ಕತ್ತರಿ

ತನ್ನೂರಿಗೆ ಸೇತುವೆ ಕೇಳಲು ಅಮೆರಿಕದ ನೆಬ್ರಾಸ್ಕಾ ವಿಧಾನಸಭೆಯಲ್ಲಿ ಎದ್ದು ನಿಂತ ಹೊಸ ಶಾಸಕ ಲೆಮ್ಯುಯೆಲ್ ಹ್ಯಾಸ್ಕೆಟ್, ಮಾತಿನಲ್ಲಿ ಆಗಲೇ ರೋಮ್ ಸಾಮ್ರಾಜ್ಯದ ಸೇತುವೆಗಳ ತನಕ ಹೋಗಿಬಿಟ್ಟಿದ್ದ. ಮುಂದಿನ ಸಾಲಿನವರು ತೂಕಡಿಸುತ್ತಿದ್ದರು. ಹೀಗೇ ಮತಕ್ಕೆ ಹೋದರೆ ಸೇತುವೆ ಮುಳುಗಿದಂತೆಯೇ.

ಮೇಲೆ ಗ್ಯಾಲರಿಯಲ್ಲಿ ಹೆಂಡತಿ ಅಡೀಲಿಯಾ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದಳು. ಅವನು ಸಂಪಾದಕನಾಗಿದ್ದ ಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದವಳು ಅವಳೇ. ಸಂಪಾದಕೀಯ ಉದ್ದವಾದಾಗಲೆಲ್ಲ ಇದೇ ಸನ್ನೆ ಮಾಡುತ್ತಿದ್ದಳು. ಅವನು ಪ್ರತಿಸಲವೂ ಜಗಳಕ್ಕೆ ನಿಲ್ಲುತ್ತಿದ್ದ.

ಇಂದು ಮಾತ್ರ ಭಾಷಣವನ್ನು ಮಡಚಿ ಜೇಬಿಗಿಟ್ಟ. "ಅಧ್ಯಕ್ಷರೇ, ಸೂಲಗಿತ್ತಿ ಇರೋದು ಹೊಳೆ ಆಚೆ, ಬಸುರಿ ಹೆಂಗಸರು ಇರೋದು ಈಚೆ. ನಮಗೆ ಸೇತುವೆ ಬೇಕು. ಅಷ್ಟೇ."

ಸಭೆ ತಟ್ಟನೆ ಎಚ್ಚೆತ್ತಿತು. ಮತಕ್ಕೆ ಹಾಕಿದಾಗ ಎಲ್ಲರ ಕೈಯೂ ಮೇಲೆದ್ದಿತು. ಚಪ್ಪಾಳೆಯ ನಡುವೆ ಅಡೀಲಿಯಾ ಮೇಲಿನಿಂದ ಕೂಗಿದಳು: "ರೀ, ಆ 'ಅಷ್ಟೇ'ನೂ ಬೇಕಿರಲಿಲ್ಲ!"